ಮೋತಿ ನಮ್ಮ ತೋಟದಲ್ಲಿಲ್ಲ

ಸಾಗರ
ಮಂಗಳವಾರ

ಚಿ. ಸೌ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದಾಗಿನಿಂದ ನಿನ್ನ ದೊಡ್ಡಮ್ಮನ ಮಂಡಿನೋವು ಸ್ವಲ್ಪ ಹೆಚ್ಚಾಗಿದೆ, ಅದನ್ನು ಬಿಟ್ಟರೆ ಹೊಸದೇನೂ ಇಲ್ಲ.

ಫೋನಿನಲ್ಲಿ ಆಡಬಹುದಾಗಿದ್ದ ಮಾತನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಫೋನಿನಲ್ಲಾದರೆ ನೀನು ಅರ್ಧಕ್ಕೇ ತಡೆದು ಅಳುತ್ತೀಯ, ಆಮೇಲೆ ನಾನು ಹೇಳಬೇಕಾದದ್ದನ್ನು ಬಿಟ್ಟು ಸಮಾಧಾನ ಹೇಳುತ್ತೇನೆ. ಕಳೆದ ಭಾನುವಾರ ನಿನ್ನ ಮಗ ನನ್ನೊಡನೆ ಮಾತನಾಡುತ್ತ, "ಅಜ್ಜ, ಫೋನನ್ನು ಮೋತಿಯ ಕಿವಿಗೆ ಹಿಡಿ" ಎಂದ. ನಿಮ್ಮ ನಾಯಿ ಮೋತಿ ಸತ್ತದ್ದನ್ನು ಮುಚ್ಚಿಟ್ಟು, ಅದನ್ನು ಊರಿಗೆ, ಅಜ್ಜನ ತೋಟಕ್ಕೆ ಕಳಿಸಿದ್ದೇವೆಂದು ನೀನು ಅವನಿಗೆ ಹೇಳಿರುವುದು ನನಗೆ ಗೊತ್ತಿತ್ತಾದ್ದರಿಂದ, ಅದು ಕೊಟ್ಟಿಗೆಯ ಹಿಂದೆ ಮಲಗಿದೆ, ಈಗ ಎಬ್ಬಿಸುವುದು ಬೇಡ ಎಂದೆ. 34 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ಎಂಟು ವರ್ಷದ ಮಗುವಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲನೆಂದು ನನಗೇ ತಿಳಿದಿರಲಿಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಅದೇ ರಾತ್ರಿ ನೀನು ಕೇಳಿದೆಯಲ್ಲ, ಸತ್ತ ನಾಯಿಯನ್ನು ಹುಡುಗನೊಬ್ಬ ಬದುಕಿಸುವ ಕಾರ್ಟೂನು ಚಿತ್ರವೊಂದಿದೆಯಂತೆ, ಆಫೀಸಿನ ಗೆಳತಿ ಹೇಳಿದಳು, ಅದನ್ನು ತೋರಿಸಿದರೆ ಅವನಿಗೆ ಮೆಲ್ಲಗೆ ತಾನಾಗಿಯೇ ಅರ್ಥವಾದೀತೇ ಎಂದು. ಪಕ್ಕದ ಮನೆಯ ಹುಡುಗನ ಸಹಾಯದಿಂದ ಆ 'ಫ್ರಾಂಕನ್‌ವೀನಿ'ಯನ್ನು ನಾನು ಎರಡು ಸಲ ನೋಡಿದೆ. ಮೊದಲ ಸಲ ನಿನ್ನ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ. ಎರಡನೆಯ ಸಲ, ನಿಜ ಹೇಳಬೇಕೆಂದರೆ, ಅದರಲ್ಲಿ ಬರುವ ವಿಜ್ಞಾನದ ಮೇಷ್ಟ್ರನ್ನು ನೋಡುವುದಕ್ಕೆ.

ಅದು ಟಿಮ್ ಬರ್ಟನ್ ಎಂಬ ಅಮೆರಿಕನ್ ನಿರ್ದೇಶಕನ ಚಿತ್ರ, 2012ರದ್ದು, 87 ನಿಮಿಷ, ಪೂರ್ತಿ ಕಪ್ಪು-ಬಿಳುಪು. ಕಾರ್ಟೂನು ಎಂದು ನಿನ್ನ ಗೆಳತಿ ಹೇಳಿದ್ದು ಪೂರ್ತಿ ಸರಿಯಲ್ಲ, ಅಲ್ಲಿರುವವು ಬರೆದ ಚಿತ್ರಗಳಲ್ಲ, ಗೊಂಬೆಗಳು. ಒಳಗೆ ಕೀಲುಗಳಿರುವ ಲೋಹದ ಅಸ್ಥಿಪಂಜರ, ಮೇಲೆ ಮೆತ್ತನೆಯ ಚರ್ಮ. ಕಲಾವಿದ ಗೊಂಬೆಯ ಬಾಲವನ್ನು ಕೂದಲೆಳೆಯಷ್ಟು ಸರಿಸುತ್ತಾನೆ, ಕೈ ಹಿಂದೆ ತೆಗೆಯುತ್ತಾನೆ, ಒಂದು ಫೋಟೋ ಹಿಡಿಯುತ್ತಾನೆ, ಮತ್ತೆ ಸರಿಸುತ್ತಾನೆ. ತೆರೆಯ ಮೇಲಿನ ಒಂದು ಸೆಕೆಂಡಿಗೆ ಇಂಥ 24 ಚೌಕಟ್ಟುಗಳು ಬೇಕು. ಲಂಡನ್ನಿನ ಥ್ರೀ ಮಿಲ್ಸ್ ಸ್ಟುಡಿಯೋದಲ್ಲಿ ಇನ್ನೂರಕ್ಕೂ ಹೆಚ್ಚು ಗೊಂಬೆಗಳನ್ನಿಟ್ಟುಕೊಂಡು ಹೀಗೆ ಮಾಡಿದ್ದಾರೆ. ನಮ್ಮ ಗೊಂಬೆಯಾಟದವರಿಗೆ ದಾರ ಎಳೆದ ಕೂಡಲೇ ಗೊಂಬೆ ಕುಣಿಯುವ ಸುಖವಾದರೂ ಇದೆ. ಇವರು ಒಂದಿಡೀ ದಿನ ದುಡಿದರೂ ನಾಯಿ ನಾಲ್ಕು ಹೆಜ್ಜೆ ನಡೆದಿರುವುದಿಲ್ಲ. ಹಾಗೆ ದುಡಿದದ್ದರಿಂದಲೇ ಇರಬೇಕು, ಸ್ಪಾರ್ಕಿ ಎಂಬ ಆ ನಾಯಿ ತಲೆ ಓರೆಮಾಡಿ ನೋಡುವಾಗ ಅದು ಗೊಂಬೆಯೆಂಬುದು ನನಗೆ ಮರೆತುಹೋಗಿತ್ತು.

ಕತೆ ಹೀಗಿದೆ. ನ್ಯೂ ಹಾಲೆಂಡ್ ಎಂಬ ಕಲ್ಪಿತ ಊರಿನಲ್ಲಿ ವಿಕ್ಟರ್ ಎಂಬ ಹುಡುಗ. ಸಿನಿಮಾ ತೆಗೆಯುವುದು, ವಿಜ್ಞಾನದ ಪ್ರಯೋಗ ಮಾಡುವುದು ಬಿಟ್ಟರೆ ಅವನಿಗಿರುವ ಗೆಳೆಯ ಆ ನಾಯಿಯೊಂದೇ. ಮಗ ಹೀಗೆ ಅಟ್ಟದಲ್ಲೇ ಕೂತರೆ ಹೇಗೆಂದು ಚಿಂತಿಸಿದ ತಂದೆ, ವಿಜ್ಞಾನ ಮೇಳಕ್ಕೆ ಒಪ್ಪಿಗೆ ಬೇಕಾದರೆ ಬೇಸ್‌ಬಾಲ್ ಆಡಬೇಕೆಂದು ಒಪ್ಪಂದ ಮಾಡುತ್ತಾನೆ. ಹುಡುಗ ಚೆಂಡು ಹೊಡೆಯುತ್ತಾನೆ, ನಾಯಿ ಚೆಂಡಿನ ಹಿಂದೆ ರಸ್ತೆಗೆ ಓಡುತ್ತದೆ, ಕಾರು ಬರುತ್ತದೆ. ಇಲ್ಲಿ ಯಾರ ತಪ್ಪು? ಚಿತ್ರ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ, ಅದು ನನಗೆ ಹಿಡಿಸಿತು. ಅವತ್ತು ನಿಮ್ಮ ಮನೆಯ ಗೇಟು ತೆರೆದಿಟ್ಟವರು ಯಾರೆಂದು ನಾನೂ ಕೇಳುವುದಿಲ್ಲ, ಪುಟ್ಟಿ. ಆದರೆ ನೀನು ಹೇಳಿದ ಸುಳ್ಳಿನಲ್ಲಿ ಮಗುವಿನ ದುಃಖದ ಭಯ ಎಷ್ಟು, ಆ ಗೇಟಿನ ನೆನಪು ಎಷ್ಟು ಎಂಬುದನ್ನು ನೀನೊಬ್ಬಳೇ ಇರುವಾಗ ಒಮ್ಮೆ ಯೋಚಿಸು.

ಭಯದ ವಿಷಯಕ್ಕೆ ಬರುತ್ತೇನೆ, ನೀನು ಮುಖ್ಯವಾಗಿ ಕೇಳಿದ್ದು ಅದನ್ನೇ. ಬರ್ಟನ್ ಇದೇ ಕತೆಯನ್ನು 1984ರಲ್ಲಿ, ಡಿಸ್ನಿ ಕಂಪೆನಿಯಲ್ಲಿದ್ದಾಗ, ನಟರನ್ನಿಟ್ಟುಕೊಂಡು ಅರ್ಧ ಗಂಟೆಯ ಕಿರುಚಿತ್ರವಾಗಿ ಮಾಡಿದ್ದ. ಮಕ್ಕಳಿಗೆ ಇದು ವಿಪರೀತ ಭಯಂಕರ ಎಂದು ಕಂಪೆನಿ ಅದನ್ನು ಮೂಲೆಗಿಟ್ಟಿತು, ಅವನೂ ಅಲ್ಲಿಂದ ಹೊರಬಿದ್ದ. 28 ವರ್ಷಗಳ ನಂತರ ಅದೇ ಡಿಸ್ನಿ ಅದೇ ಕತೆಯನ್ನು ಪೂರ್ಣ ಚಿತ್ರವಾಗಿ ಹೊರತಂದಿತು, ಅದು ಆಸ್ಕರ್‌ಗೂ ನಾಮನಿರ್ದೇಶನಗೊಂಡಿತು. ಮಕ್ಕಳಿಗೆ ಯಾವುದು ಭಯವೆಂಬ ವಿಚಾರದಲ್ಲಿ ದೊಡ್ಡವರ ಲೆಕ್ಕ ಹೀಗೆ ಏರುಪೇರಾಗುತ್ತಲೇ ಇರುತ್ತದೆ. ವಿಕ್ಟರ್ ಹೊಲಿಗೆ ಹಾಕಿ ಬದುಕಿಸಿದ ಸ್ಪಾರ್ಕಿ ನೀರು ಕುಡಿದರೆ ಅದು ಹೊಲಿಗೆಯ ಸಂದಿಯಿಂದ ಸೋರುತ್ತದೆ, ಬಾಲ ಅಲ್ಲಾಡಿಸಿದರೆ ಬಾಲವೇ ಕಳಚಿ ಬೀಳುತ್ತದೆ. ನಿನ್ನ ಮಗ ಇದಕ್ಕೆ ಬಿದ್ದು ಬಿದ್ದು ನಗುತ್ತಾನೆ, ನೀನು ಮುಖ ತಿರುಗಿಸುತ್ತೀಯ. ಅವನು ನಿಜವಾಗಿ ಹೆದರಬಹುದಾದದ್ದು ಕೊನೆಯ ಅರ್ಧ ಗಂಟೆಯಲ್ಲಿ. ಅಲ್ಲಿ ಬಾವಲಿಯೊಡನೆ ಬೆರೆತು ರಕ್ಕಸನಾದ ಬೆಕ್ಕೊಂದಿದೆ, ಅದರ ಅಂತ್ಯ ಕ್ರೂರವಾಗಿದೆ. ರಾತ್ರಿ ತೋರಿಸಬೇಡ.

ಇನ್ನು ಆ ಮೇಷ್ಟ್ರು. ಊರಿನವರ ನಾಲಿಗೆ ಹೊರಳದ ರಿಜ್ಕ್ರುಸ್ಕಿ ಎಂಬ ಹೆಸರಿನ, ಉದ್ದ ಮುಖದ ಮನುಷ್ಯ. ಸತ್ತ ಕಪ್ಪೆಗೆ ವಿದ್ಯುತ್ ಹಾಯಿಸಿ ಅದರ ಕಾಲು ಜಾಡಿಸುವುದನ್ನು ತರಗತಿಯಲ್ಲಿ ತೋರಿಸುತ್ತಾನೆ. ವಿಕ್ಟರನ ತಲೆಗೆ ನಾಯಿಯ ಯೋಚನೆ ಹೊಕ್ಕುವುದು ಅಲ್ಲೇ. ಇದು ಕಟ್ಟುಕತೆಯ ವಿಜ್ಞಾನವಲ್ಲ. ಇಟಲಿಯ ಬೊಲೊನ್ಯಾದಲ್ಲಿ ಲುಯಿಜಿ ಗಾಲ್ವಾನಿ ಕಪ್ಪೆಯ ಕಾಲುಗಳ ಮೇಲೆ ನಡೆಸಿದ ಈ ಪ್ರಯೋಗಗಳನ್ನು 1791ರಲ್ಲಿ ಪ್ರಕಟಿಸಿದ. ಅವನ ಸೋದರಳಿಯ ಆಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿಸಿದ ಅಪರಾಧಿಯೊಬ್ಬನ ಶವಕ್ಕೇ ಬ್ಯಾಟರಿಯ ತಂತಿ ಮುಟ್ಟಿಸಿದ. ಶವದ ದವಡೆ ಅದುರಿತು, ಒಂದು ಕಣ್ಣು ತೆರೆಯಿತು. ಸ್ನಾಯು ಅದುರುವುದು ಬೇರೆ, ಜೀವ ಬರುವುದು ಬೇರೆ ಎಂದು ನಾನು ವರ್ಷ ವರ್ಷವೂ ಮಕ್ಕಳಿಗೆ ಹೇಳುತ್ತಿದ್ದೆ. ಆದರೆ ಅಂಥ ಪ್ರಯೋಗಗಳ ಸುದ್ದಿ ಕೇಳುತ್ತ ಬೆಳೆದ ಕಾಲದಲ್ಲಿಯೇ ಇಂಗ್ಲಿಷ್ ಲೇಖಕಿ ಮೇರಿ ಶೆಲ್ಲಿ 'ಫ್ರಾಂಕನ್‌ಸ್ಟೈನ್' ಕಾದಂಬರಿ ಬರೆದಳು. ಅದು ಪ್ರಕಟವಾದದ್ದು 1818ರಲ್ಲಿ. ಈ ಚಿತ್ರದ ಹುಡುಗನಿಗೆ ಹೆಸರು ಬಂದದ್ದು ಆ ಕಾದಂಬರಿಯ ನಾಯಕನಿಂದ.

ಆ ಮೇರಿ ಶೆಲ್ಲಿಯ ಬಗ್ಗೆ ಒಂದು ಮಾತು ನಿನಗೆ ಹೇಳಲೇಬೇಕು. 1815ರ ಫೆಬ್ರವರಿಯಲ್ಲಿ ಅವಳಿಗೆ ದಿನ ತುಂಬುವ ಮೊದಲೇ ಹೆಣ್ಣುಮಗು ಹುಟ್ಟಿ, ಎರಡು ವಾರ ತುಂಬುವುದರೊಳಗೆ ತೀರಿಕೊಂಡಿತು. ಕೆಲವು ದಿನಗಳ ಬಳಿಕ ಅವಳು ದಿನಚರಿಯಲ್ಲಿ ಬರೆದುಕೊಂಡ ಕನಸಿನಲ್ಲಿ ಆ ಕೂಸು ಸತ್ತಿರುವುದಿಲ್ಲ, ತಣ್ಣಗಾಗಿರುತ್ತದೆ ಅಷ್ಟೆ. ಬೆಂಕಿಯ ಮುಂದೆ ಹಿಡಿದು ಉಜ್ಜಿದರೆ ಬದುಕುತ್ತದೆ. ಎಚ್ಚರವಾದರೆ ಮಗುವಿಲ್ಲ. ಕಾದಂಬರಿಯ ವಿಕ್ಟರ್ ಕೀರ್ತಿಯ ಹುಚ್ಚಿಗೆ ಹೆಣ ಜೋಡಿಸಿ, ಅದು ಕಣ್ಣು ಬಿಟ್ಟ ಗಳಿಗೆಯಲ್ಲೇ ಹೇಸಿ ಓಡಿಹೋಗುತ್ತಾನೆ. ಬರ್ಟನ್ನನ ವಿಕ್ಟರ್ ಓಡಿಹೋಗುವುದಿಲ್ಲ. ಬಿದ್ದ ಬಾಲವನ್ನು ಎತ್ತಿ ಮತ್ತೆ ಹೊಲಿಯುತ್ತಾನೆ. ಆ ತಾಯಿಯ ಕನಸು ಕಾದಂಬರಿಗಿಂತ ಈ ಗೊಂಬೆಚಿತ್ರಕ್ಕೇ ಹತ್ತಿರವಿದೆ ಎಂದು ನನಗೆ ಅನಿಸಿತು. ನಿನ್ನ ಮಗ ಫೋನಿನಲ್ಲಿ ಮೋತಿಯ ಉಸಿರು ಕೇಳಬಯಸಿದ್ದೂ ಅದೇ ಕನಸಿನ ಇನ್ನೊಂದು ರೂಪವಾಗಿರಬಹುದು. ಅವನಿಗೆ ಏನೂ ಅನುಮಾನವಿಲ್ಲವೆಂದು ನೀನು ತಿಳಿದಿದ್ದೀಯ. ನನಗೆ ಹಾಗೆ ಕಾಣಲಿಲ್ಲ. ಮಲಗಿದೆ ಎಂದಾಗ ಅವನು ಬಹಳ ಹೊತ್ತು ಸುಮ್ಮನಿದ್ದ.

ಮೇಷ್ಟ್ರ ಮಾತು ಅರ್ಧಕ್ಕೇ ನಿಂತಿತು. ಊರಿನ ಪಾಲಕರೆಲ್ಲ ಸಭೆ ಸೇರಿ ಅವನನ್ನು ಕೆಲಸದಿಂದ ತೆಗೆಸುತ್ತಾರೆ. ಅವನೂ ಕಡಿಮೆಯವನಲ್ಲ, ನೀವೆಲ್ಲ ಅಜ್ಞಾನಿಗಳು ಎಂದು ಅವರ ಮುಖಕ್ಕೇ ಹೇಳುತ್ತಾನೆ. (ಹೃದಯದ ಪಾಠಕ್ಕೆಂದು ಕುರಿಯ ಹೃದಯವೊಂದನ್ನು ತರಗತಿಗೆ ತಂದ ತಪ್ಪಿಗೆ ನಾನೂ ಒಮ್ಮೆ ಪಾಲಕರ ಸಭೆಯಲ್ಲಿ ನಿಂತು ಉತ್ತರ ಹೇಳಿದ್ದೇನೆ, ಆದರೆ ನನಗೆ ಅಷ್ಟು ಧೈರ್ಯ ಬರಲಿಲ್ಲ.) ಊರು ಬಿಡುವ ಮುನ್ನ ಅವನು ವಿಕ್ಟರನಿಗೆ ಹೇಳುವ ಮಾತು ಚಿತ್ರದ ತಿರುಳು. ನಾಯಿಯ ಮೇಲಿನ ಪ್ರಯೋಗ ಫಲಿಸಿತು, ಸಹಪಾಠಿಯ ಬೆದರಿಕೆಗೆ ಮಣಿದು ಮೀನಿನ ಮೇಲೆ ಮಾಡಿದ್ದು ಕೆಟ್ಟಿತು, ಏಕೆ? ಮೊದಲನೆಯದರಲ್ಲಿ ಪ್ರೀತಿಯಿತ್ತು, ಎರಡನೆಯದರಲ್ಲಿ ಹೇಗಾದರೂ ಮುಗಿದರೆ ಸಾಕೆಂಬ ಅವಸರವಿತ್ತು. ಮೇಳದ ಬಹುಮಾನಕ್ಕಾಗಿ ಬೇರೆ ಮಕ್ಕಳು ಎಬ್ಬಿಸಿದ ಪ್ರಾಣಿಗಳೆಲ್ಲ ರಾಕ್ಷಸರಾಗುವುದೂ ಇದೇ ಕಾರಣಕ್ಕೆ. ವಿಜ್ಞಾನದ ಮೇಷ್ಟ್ರಾಗಿ ನಾನು ಇದನ್ನು ಒಪ್ಪಲಾರೆ, ವಿದ್ಯುತ್ತಿಗೆ ಹೃದಯ ಗೊತ್ತಿಲ್ಲ. ಆದರೆ ಅಜ್ಜನಾಗಿ ಅಲ್ಲಗಳೆಯಲೂ ಆರೆ.

ನನ್ನ ನಿಜವಾದ ತಕರಾರು ಚಿತ್ರದ ಕೊನೆಯ ಬಗ್ಗೆ. ಸ್ಪಾರ್ಕಿ ಸತ್ತ ದಿನ ತಾಯಿ, ಪ್ರೀತಿಸಿದವರು ನಮ್ಮನ್ನು ಬಿಟ್ಟುಹೋಗುವುದಿಲ್ಲ, ಹೃದಯದೊಳಗೆ ಇರುತ್ತಾರೆ ಎನ್ನುತ್ತಾಳೆ. ಹುಡುಗ, ಅವನು ನನ್ನ ಹೃದಯದಲ್ಲಿ ಬೇಡ, ಇಲ್ಲಿ ನನ್ನ ಪಕ್ಕದಲ್ಲಿ ಬೇಕು ಎನ್ನುತ್ತಾನೆ. ಮಕ್ಕಳು ಹಾಗೆಯೇ ಹೇಳುವುದು. ಕೊನೆಗೆ ಉರಿಯುವ ಗಾಳಿಗಿರಣಿಯಿಂದ ಹುಡುಗನನ್ನು ಉಳಿಸಿ ಸ್ಪಾರ್ಕಿ ಎರಡನೆಯ ಬಾರಿ ಸತ್ತಾಗ ವಿಕ್ಟರ್, ನೀನು ತಿರುಗಿ ಬರಬೇಕಾಗಿಲ್ಲ ಎಂದು ಅದಕ್ಕೆ ಹೇಳುತ್ತಾನೆ. ಚಿತ್ರ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ಊರಿನವರೆಲ್ಲ ತಮ್ಮ ಕಾರುಗಳ ಬ್ಯಾಟರಿಗಳಿಗೆ ತಂತಿ ಜೋಡಿಸುತ್ತಾರೆ, ನಾಯಿ ಮತ್ತೆ ಎದ್ದು ಕೂರುತ್ತದೆ. ಅಷ್ಟು ಕಷ್ಟಪಟ್ಟು ಹುಡುಗ ಕಲಿತ ಪಾಠವನ್ನು ದೊಡ್ಡವರು ಒಂದು ನಿಮಿಷದಲ್ಲಿ ಅಳಿಸಿಹಾಕುತ್ತಾರೆ. ನನಗೆ ಸಿಟ್ಟು ಬಂತು. ಪಕ್ಕದ ಮನೆಯ ಹುಡುಗ ಮಾತ್ರ ಚಪ್ಪಾಳೆ ತಟ್ಟಿದ.

ಸತ್ತವರು ಏಳುವ ಕತೆ ನಮಗೇನೂ ಹೊಸದಲ್ಲ. ನಿನಗೆ ಚಿಕ್ಕಂದಿನಲ್ಲಿ ಕಚ-ದೇವಯಾನಿಯ ಕತೆ ಹೇಳಿದವನು ನಾನೇ. ರಾಕ್ಷಸರು ಕಚನನ್ನು ಕೊಂದಾಗಲೆಲ್ಲ ಮಗಳ ಕಣ್ಣೀರು ನೋಡಲಾರದೆ ಶುಕ್ರಾಚಾರ್ಯರು ಮೃತಸಂಜೀವಿನಿಯಿಂದ ಅವನನ್ನು ಎಬ್ಬಿಸುತ್ತಾರೆ. ಮೂರನೆಯ ಸಲ ಅವನು ಗುರುವಿನ ಹೊಟ್ಟೆಯನ್ನೇ ಸೀಳಿಕೊಂಡು ಹೊರಬರಬೇಕಾಗುತ್ತದೆ. ಅಷ್ಟೆಲ್ಲ ಆಗಿ ಬದುಕಿ ಬಂದ ಕಚ ದೇವಯಾನಿಗೆ ದಕ್ಕಲಿಲ್ಲ. ಆಗ ನೀನು ಐದೋ ಆರೋ ವರ್ಷದವಳು, "ಹಾಗಾದರೆ ಯಾಕೆ ಬದುಕಿಸಿದರು?" ಎಂದು ಕೇಳಿದ್ದೆ. ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆದರೆ ಆ ಕತೆ ಬೆಲೆ ತೆರದೆ ಯಾರನ್ನೂ ಎಬ್ಬಿಸಲಿಲ್ಲ.

ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರ ಇದು: ಚಿತ್ರವನ್ನು ತೋರಿಸು, ಆದರೆ ಈಗ ಬೇಡ. ಮೋತಿ ತೋಟದಲ್ಲಿದೆಯೆಂದು ನಂಬಿರುವ ಅಥವಾ ನಂಬಲು ಹೆಣಗುತ್ತಿರುವ ಮಗು ಇದನ್ನು ನೋಡಿದರೆ ಸಾವಿನ ಸುದ್ದಿಯೂ, ಅದಕ್ಕೆ ಬ್ಯಾಟರಿಯ ಪರಿಹಾರವೂ ಒಟ್ಟಿಗೇ ತಲೆಗೆ ಹೋಗುತ್ತವೆ. ನೀನು ಬಾಯಿಬಿಟ್ಟು ಹೇಳಬೇಕಾದದ್ದನ್ನು ಗೊಂಬೆಗಳ ಬಾಯಿಂದ ಹೇಳಿಸಬೇಡ. ಮೊದಲು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೋತಿ ಸತ್ತಿತು ಎಂದು ಹೇಳು. ಸತ್ತಿತು ಎಂಬ ಶಬ್ದವನ್ನೇ ಬಳಸು. ದೇವರು ಕರೆದುಕೊಂಡ, ನಿದ್ದೆ ಹೋಯಿತು ಎಂಬಂಥವು ಬೇಡ. ಮಲಗಿದೆ ಎಂದು ನಾನೇ ಹೇಳಿಬಿಟ್ಟಿದ್ದೇನೆ, ಅವನು ರಾತ್ರಿ ದೀಪ ಆರಿಸಲು ಹಿಂಜರಿದರೆ ಅದಕ್ಕೆ ನಾನು ಕಾರಣ. ಎಲ್ಲಿ ಹೂತಿರಿ ಎಂದು ಕೇಳಿದರೆ ಕರೆದುಕೊಂಡು ಹೋಗಿ ತೋರಿಸು. ಸುಳ್ಳು ಹೇಳಿದೆಯೆಂದು ನಿನ್ನ ಮೇಲೆ ಸಿಟ್ಟಾದರೆ ಆಗಲಿ, ತಡೆದುಕೋ. ಅದೇ ಬಣ್ಣದ ಮರಿಯೊಂದನ್ನು ನೋಡಿಟ್ಟಿದ್ದೇವೆ ಎಂದು ನಿನ್ನ ಗಂಡ ಹೇಳಿದ. ಈ ಮಳೆಗಾಲ ಕಳೆಯುವವರೆಗೆ ತರಬೇಡಿ ಎಂದು ಅವನಿಗೆ ಹೇಳು. ಹಾಗೆಯೇ ಫೋನಿನಲ್ಲಿದ್ದ ಮೋತಿಯ ವಿಡಿಯೋಗಳನ್ನು ಅಳಿಸಿದ್ದೇನೆ ಎಂದು ನೀನು ಹೇಳಿದ್ದೆ. ಎಲ್ಲಾದರೂ ಉಳಿದಿದ್ದರೆ ಅವನಿಗೇ ಕೊಡು. ಈ ಚಿತ್ರ ಶುರುವಾಗುವುದೇ ವಿಕ್ಟರ್ ತನ್ನ ನಾಯಿಯನ್ನು ನಾಯಕನನ್ನಾಗಿ ಮಾಡಿ ತೆಗೆದ ಸಿನಿಮಾವನ್ನು ಮನೆಯವರೆಲ್ಲ ಕೂತು ನೋಡುವುದರಿಂದ.

ಆಮೇಲೆ, ದಸರಾ ರಜೆಯಲ್ಲಿ ನೀವು ಇಲ್ಲಿಗೆ ಬಂದಾಗ, ಹಗಲು ಹೊತ್ತಿನಲ್ಲಿ ಎಲ್ಲರೂ ಕೂತು ನೋಡೋಣ. ಕೊನೆಯಲ್ಲಿ ನಾಯಿ ಎದ್ದಾಗ ಅವನು ಚಪ್ಪಾಳೆ ತಟ್ಟಿದರೆ ತಟ್ಟಲಿ. ಇದು ನಿಜವಾಗಿ ಆಗುತ್ತದೆಯೇ ಅಜ್ಜ ಎಂದು ಕೇಳಿದರೆ, ಗಾಲ್ವಾನಿಯಿಂದ ಶುರುಮಾಡಿ ಹೇಳುವುದಕ್ಕೆ ನಾನಿದ್ದೇನೆ.

ಅವನು ಬರುವ ಭಾನುವಾರ ಎಂದಿನಂತೆ ಹತ್ತು ಗಂಟೆಗೆ ಫೋನು ಮಾಡುತ್ತಾನೆ. ಈ ಕಾಗದ ಶುಕ್ರವಾರದೊಳಗೆ ನಿನ್ನ ಕೈ ಸೇರಬೇಕು. ಶನಿವಾರ ಇಡೀ ದಿನ ನಿನಗೆ ರಜೆಯಿದೆ. ಹೇಳಿ ಮುಗಿಸಿದ ಮೇಲೆ ಎಷ್ಟು ಹೊತ್ತಾಗಿದ್ದರೂ ಸರಿ, ನನಗೊಂದು ಸಂದೇಶ ಕಳಿಸು. ಮೋತಿಯನ್ನು ಕರೆ ಎಂದು ಅವನು ಇನ್ನೊಮ್ಮೆ ಕೇಳಿದರೆ ಹೇಳುವುದಕ್ಕೆ ನನ್ನ ಬಳಿ ಬೇರೆ ಸುಳ್ಳಿಲ್ಲ.

ಇತಿ,
ನಿನ್ನ ದೊಡ್ಡಪ್ಪ