ತಿಕ್ಕಿದಷ್ಟೂ ಕಪ್ಪಾಗುವ ಚರ್ಮ

ಸಂಪಾದಕರಿಗೆ ನಮಸ್ಕಾರ.

ಕತ್ತು, ಬೆನ್ನಿನ ಕಪ್ಪು ಹೋಗಬೇಕಾದರೆ ನಿಂಬೆಹಣ್ಣಿಗೆ ಸಕ್ಕರೆ ಹಾಕಿ ದಿನಾ ತಿಕ್ಕಿ ಅಂತ ನಿಮ್ಮ ಪುರವಣಿಯಲ್ಲಿ ಸಲಹೆ ಬಂದಿತ್ತು. ದಯವಿಟ್ಟು ಇಂಥದನ್ನು ಹಾಕಬೇಡಿ. ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವವಳು. ತಿಕ್ಕಿ ತಿಕ್ಕಿ ಚರ್ಮ ಕೆಡಿಸಿಕೊಂಡವರು ನನ್ನಲ್ಲಿಗೆ ಬರುತ್ತಲೇ ಇರುತ್ತಾರೆ.

ಮೊನ್ನೆ ಮದುವೆ ಗೊತ್ತಾದ ಹುಡುಗಿಯೊಬ್ಬಳು ಬಂದಿದ್ದಳು. ಸಣಕಲು ಮೈ. ಕತ್ತಿನ ಕೆಳಗಿನ ಎಲುಬಿನುದ್ದಕ್ಕೂ, ಭುಜದ ಹಿಂದೆಯೂ ಕಂದು ಬಣ್ಣ. ಹತ್ತಿರದಿಂದ ನೋಡಿದರೆ ಮರಳಿನ ಮೇಲೆ ಗಾಳಿ ಎಳೆದಂಥ ಸಣ್ಣ ಸಣ್ಣ ಗೆರೆ. "ಕೊಳೆ ಹೋಗ್ತಾನೇ ಇಲ್ಲ ಅಕ್ಕಾ, ಅಮ್ಮ ಇನ್ನೂ ಗಟ್ಟಿ ತಿಕ್ಕು ಅಂತಾರೆ" ಅಂದಳು. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿ ತೋರಿಸಿದೆ. ಹತ್ತಿ ಬೆಳ್ಳಗೇ ಇತ್ತು. ಕೊಳೆಯಾಗಿದ್ದರೆ ಅಂಟಬೇಕಿತ್ತು, ಅಲ್ವಾ?

ಚರ್ಮದ ವೈದ್ಯರು ಇದನ್ನು ಫ್ರಿಕ್ಷನ್ ಮೆಲನೋಸಿಸ್, ಅಂದರೆ ಉಜ್ಜಿ ಉಜ್ಜಿ ಬರುವ ಕಪ್ಪು, ಅನ್ನುತ್ತಾರೆ. ನೈಲಾನ್ ಜಾಲರಿ, ಒರಟು ಟವೆಲ್, ಕಲ್ಲು, ಯಾವುದರಿಂದಲಾದರೂ ಬರಬಹುದು. ಎಲುಬಿನ ಮೇಲೆ ಮಾಂಸ ಕಡಿಮೆ ಇರುವ ಕಡೆ ಉಜ್ಜಿದ ಪೆಟ್ಟು ನೇರ ಚರ್ಮಕ್ಕೇ ಬೀಳುತ್ತದೆ. ಮೇಲ್ಪದರದಲ್ಲಿರುವ ಬಣ್ಣ ಒಳಪದರಕ್ಕೆ ಇಳಿದು ಅಲ್ಲೇ ಕೂರುತ್ತದೆ. ಮೇಲಿಂದ ಎಷ್ಟು ತಿಕ್ಕಿದರೂ ಅದು ಬರುವುದಿಲ್ಲ, ಇನ್ನಷ್ಟು ಇಳಿಯುತ್ತದೆ ಅಷ್ಟೆ. ಜಪಾನಿನಲ್ಲಿ ನೈಲಾನ್ ಟವೆಲ್‌ನಿಂದ ಹೀಗಾಗುವುದನ್ನು ಅಲ್ಲಿನ ವೈದ್ಯರು 1980ರ ದಶಕದಲ್ಲೇ ಬರೆದಿದ್ದಾರೆ.

ಲೋಕಲ್ ರೈಲಿನಲ್ಲಿ ಬೆವರಿ ಮನೆಗೆ ಬಂದವರಿಗೆ ಮೈ ತಿಕ್ಕದಿದ್ದರೆ ಸ್ನಾನ ಮಾಡಿದ ಹಾಗೇ ಆಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಬೆವರಿಗೆ ಸೋಪು, ಅಂಗೈ ಸಾಕು. ಆಮೇಲೆ ಟವೆಲ್ ಒತ್ತಿ ಒರೆಸಿ, ಚೂರು ಕೊಬ್ಬರಿ ಎಣ್ಣೆ ಹಚ್ಚಿದರೆ ಆಯಿತು. ಉಜ್ಜುವುದು ನಿಲ್ಲಿಸಿದರೂ ಕಲೆ ತಿಳಿಯಾಗಲು ತಿಂಗಳುಗಟ್ಟಲೆ ಬೇಕು. ನಿಂಬೆ ರಸವಂತೂ ಬೇಡವೇ ಬೇಡ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಹೊಸ ಕಲೆ ಬೀಳಬಹುದು.

ಅವಸರಕ್ಕೆ ಬಿದ್ದು ಸ್ಟಿರಾಯ್ಡ್ ಇರುವ ಕ್ರೀಮ್ ತರುವವರೂ ಜಾಸ್ತಿ. 2018ರಲ್ಲೇ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ತಂದಿದೆ. ಆದರೂ ಅಂಗಡಿಯಲ್ಲಿ ಸುಮ್ನೆ ಕೇಳಿದರೆ ಕೈಗೆ ಸಿಗುವುದನ್ನು ನಾನು ದಿನಾ ನೋಡುತ್ತಿದ್ದೇನೆ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ.

ಇನ್ನೊಂದು ಮಾತು. ಮಕ್ಕಳ ಕತ್ತು, ಕಂಕುಳಲ್ಲಿ ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪಾದರೆ ಅದು ಬೇರೆ. ಮುಂದೆ ಸಕ್ಕರೆ ಕಾಯಿಲೆ ಬರುವ ಸೂಚನೆ ಇರಬಹುದು. ತಿಕ್ಕುತ್ತಾ ಕೂರದೆ ವೈದ್ಯರಿಗೆ ತೋರಿಸಿ.

ಮುಂದಿನ ಪುರವಣಿಯಲ್ಲಿ ಆ ಜಾಗವನ್ನು ಒಬ್ಬ ಚರ್ಮದ ವೈದ್ಯರಿಗೆ ಕೊಡಿ. ನನ್ನ ಪಾರ್ಲರ್ ಗೋಡೆಗೆ ಅವರು ಬರೆದದ್ದನ್ನು ಕತ್ತರಿಸಿ ಅಂಟಿಸುತ್ತೇನೆ.

— ಒಬ್ಬ ಓದುಗಳು, ಡೊಂಬಿವಲಿ ಪೂರ್ವ, ಠಾಣೆ ಜಿಲ್ಲೆ