ಅವ್ವ ಅಡುಗೆ ಬಿಟ್ಟಿಲ್ಲ

ನವನಗರ, ಬಾಗಲಕೋಟೆ

ಪ್ರೀತಿಯ ಮಗಳೇ,

ಮೊನ್ನೆ ನೀನು ಅಪ್ಪನಿಗೆ ಫೋನ್ ಮಾಡಿ "ಅವ್ವ ಅಡಿಗಿ ಮಾಡೂದು ಬಿಟ್ಟಾಳಂತ, ಆರಾಮ ಅದಾಳಿಲ್ಲೋ?" ಅಂತ ಕೇಳಿದೆಯಂತೆ. ನಿನ್ನ ತಮ್ಮನೇ ಹೇಳಿರಬೇಕು, ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ನಾನು ಆರಾಮಾಗಿದ್ದೇನೆ ತಾಯಿ. ಅಡುಗೆಯನ್ನೂ ಬಿಟ್ಟಿಲ್ಲ. ವಾರಕ್ಕೆ ಎರಡು ಸಂಜೆ, ಜಾಸ್ತಿ ಅಂದರೆ ಮೂರು, ನಾನೂ ನಿನ್ನ ಅಪ್ಪನೂ ಹೊರಗೆ ಉಣ್ಣುತ್ತೇವೆ. ಫೋನಿನಲ್ಲಿ ಹೇಳೋಣ ಅಂದರೆ ನಿನಗೆ ಯಾವಾಗಲೂ ಮೀಟಿಂಗ್. ಅದಕ್ಕೇ ಬರೆಯುತ್ತಿದ್ದೇನೆ. ಕೂತು ಓದು.

ಶುರುವಾಗಿದ್ದು ನನ್ನ ಬಲಗೈ ಮಣಿಕಟ್ಟಿನಿಂದ. ದೀಪಾವಳಿ ಆದಮೇಲೆ ಹಿಡಿದುಕೊಂಡದ್ದು ಬಿಡಲೇ ಇಲ್ಲ. ಒಂದು ತಿಂಗಳು ರೊಟ್ಟಿ ಬಡಿಯಬೇಡಿ ಅಂದರು ಡಾಕ್ಟರು. ಅವತ್ತು ರಾತ್ರಿ ನಿನ್ನ ಅಪ್ಪ ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿದರು. ದಿನಕ್ಕೆ 15 ರೊಟ್ಟಿ, 30 ವರ್ಷ. ಒಟ್ಟು 1,64,250. "ಇಷ್ಟ ಬಡದ್ರ ಕೈ ನೋಯದ ಏನ್ ಮಾಡತೈತಿ?" ಅಂದರು. ಹೋಳಿಗೆ ಮಾಡಿದ ದಿನ, ನಾನು ತವರಿಗೆ ಹೋದ ದಿನ ಕಳೆಯಿರಿ ಅಂದೆ. ಕಳೆಯಲಿಲ್ಲ. ದೊಡ್ಡ ಸಂಖ್ಯೆ ಅವರಿಗೆ ಹಿಡಿಸಿಬಿಟ್ಟಿತ್ತು.

ಹೊರಗಿನ ಊಟ ಅಂದರೆ ನಿನ್ನ ಆಯಿಗೆ, ಅಂದರೆ ನನ್ನ ಅತ್ತೆಗೆ, ಎಂಥ ಸಿಟ್ಟು ಬರುತ್ತಿತ್ತು ಅಂತ ನಿನಗೆ ನೆನಪಿರಲಿಕ್ಕಿಲ್ಲ. "ಮನ್ಯಾಗ ಒಲಿ ಆರೈತೇನು?" ಅನ್ನುತ್ತಿದ್ದರು. ಹಳೆ ಊರಿನಲ್ಲಿದ್ದಾಗ ಮದುವೆಯಾದ ವರ್ಷ ನಿನ್ನ ಅಪ್ಪ ಒಮ್ಮೆ ಕದ್ದು ಹೋಟೆಲಿಗೆ ಕರೆದುಕೊಂಡು ಹೋಗಿದ್ದರು. ಹೆಣ್ಣುಮಕ್ಕಳಿದ್ದರೆ ಫ್ಯಾಮಿಲಿ ರೂಮಿನಲ್ಲೇ ಕೂರಬೇಕು. ಹಲಗೆಯ ಗೋಡೆ, ಎಣ್ಣೆ ಹತ್ತಿದ ಪರದೆ. ಪರದೆಯ ಕೆಳಗೆ ಬರುವವರ ಹೋಗುವವರ ಕಾಲು ನೋಡುತ್ತಾ ದೋಸೆ ತಿಂದೆ. ಯಾರದೋ ಚಪ್ಪಲಿ ನನ್ನ ಮೈದುನನದರ ಹಾಗೇ ಕಂಡು ಅರ್ಧ ದೋಸೆ ಗಂಟಲಲ್ಲೇ ಉಳಿಯಿತು.

ಆದರೆ ಅದೇ ಆಯಿ ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಗೆ ಹೋದಾಗ ಹೊಂಡದ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಬುಟ್ಟಿ ಹೊತ್ತು ಬರುವ ಹೆಂಗಸರನ್ನು ತಾವೇ ಕರೆಯುತ್ತಿದ್ದರು. ರೊಟ್ಟಿ, ಕಾಳಿನ ಪಲ್ಯ, ಕೆಂಪು ಖಾರ, ಗಡಿಗೆಯಿಂದ ಹೆರೆದು ಹಾಕುವ ಗಟ್ಟಿ ಮೊಸರು. ಅಲ್ಲಿಯ ಕೋತಿಗಳಿಗೆ ಹೆದರಿ ನಾನು ತಾಟಿನ ಮೇಲೆ ಸೆರಗು ಮುಚ್ಚಿಕೊಂಡು ಉಣ್ಣುತ್ತಿದ್ದೆ. ಇದೂ ಹೊರಗಿನ ಊಟವೇ ಅಲ್ಲವೇನ್ರಿ ಅಂತ ಒಮ್ಮೆ ಕೇಳಿದೆ. "ಇದು ದೇವಿ ಊಟ, ಸುಮ್ನ ಉಣ್ಣು" ಅಂದರು.

ಆಲಮಟ್ಟಿಯ ಹಿನ್ನೀರಿಗೆ ಮನೆ ಹೋಗಿ ನಾವು ನವನಗರಕ್ಕೆ ಬಂದಾಗ ಹೊರಗೆ ಉಣ್ಣಬೇಕೆಂದರೂ ಏನೂ ಇರಲಿಲ್ಲ. ಅಗಲ ರಸ್ತೆ, ಸೆಕ್ಟರಿನ ನಂಬರು, ಜಾಲಿ ಗಿಡ. ಹಳೆ ಊರಿನ ಓಣಿಯಲ್ಲಿ ಪಕ್ಕದ ಮನೆಯ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ಇಲ್ಲಿ ಸಂಜೆ ಏಳಾದರೆ ನಾಯಿ ಬೊಗಳಿದ್ದಷ್ಟೇ ಸದ್ದು. ಈ ನವನಗರದ ನಕ್ಷೆ ಹಾಕಿದವರು ಚಾರ್ಲ್ಸ್ ಕೊರಿಯಾ ಅನ್ನುವ ದೊಡ್ಡ ವಾಸ್ತುಶಿಲ್ಪಿ ಅಂತ ನಿನ್ನ ಅಪ್ಪ ಬಂದವರಿಗೆಲ್ಲ ಹೇಳುತ್ತಾರೆ. ಇರಲಿ, ದೊಡ್ಡವರೇ. ಆದರೆ ಮಿರ್ಚಿ ಗಾಡಿ ಎಲ್ಲಿ ನಿಲ್ಲಬೇಕು ಅಂತ ಅವರ ನಕ್ಷೆಯಲ್ಲಿ ಇದ್ದಿರಲಿಕ್ಕಿಲ್ಲ. ಅದನ್ನು ಗಾಡಿಯವನೇ ಹುಡುಕಿಕೊಂಡ. ನಮ್ಮ ತಿರುವಿನ ಬೇವಿನ ಮರದ ಕೆಳಗೆ ಐದೂವರೆಗೆ ಬಾಣಲೆ ಇಡುತ್ತಾನೆ. ಮೆಣಸಿನಕಾಯಿ ಸೀಳಿ ಒಳಗೆ ಜೀರಿಗೆ, ಉಪ್ಪು ಸವರಿ ಹಿಟ್ಟಿನಲ್ಲಿ ಅದ್ದುತ್ತಾನೆ. ಜೊತೆಗೆ ಗಿರಮಿಟ್. ಪುಟಾಣಿ ಹಿಟ್ಟು ಹಾಕಲು ಜಿಪುಣತನ ಮಾಡುವುದಿಲ್ಲ. ನಿನ್ನ ಅಪ್ಪ ಮಿರ್ಚಿಯ ಮೇಲಿನ ಹಿಟ್ಟು ತಿಂದು ಮೆಣಸಿನಕಾಯಿ ನನ್ನ ಕಡೆ ತಳ್ಳುವುದು ಈಗಲೂ ತಪ್ಪಿಲ್ಲ.

ರೊಟ್ಟಿ ಬಡಿಯುವುದು ನಿಂತ ಮೊದಲ ವಾರ ನಾವು ಮೋಸಹೋದೆವು. ರಸ್ತೆ ಬದಿಗೆ ಹೊಸದಾಗಿ ಆದ ಒಂದು ಹೋಟೆಲಿಗೆ ಹೋದೆವು, ಹೆಸರು ಬೇಡ. ಎಸಿ, ಗಾಜಿನ ಬಾಗಿಲು, ನೀಲಿ ದೀಪ. "ಉತ್ತರ ಕರ್ನಾಟಕ ಊಟ" ಅಂತ ದೊಡ್ಡದಾಗಿ ಬರೆದಿದ್ದರು. ಎಣ್ಣೆಗಾಯಿ ಸಿಹಿ ಹೊಡೆಯುತ್ತಿತ್ತು. ರೊಟ್ಟಿ ಬೆಳಗ್ಗೆ ಮಾಡಿಟ್ಟದ್ದು, ನೀರು ಚಿಮುಕಿಸಿ ಬಿಸಿ ಮಾಡಿ ತಂದಿದ್ದರು. ಬಿಳಿ ಜೋಳದ ರೊಟ್ಟಿ ಹಾಗೆ ಎರಡನೇ ಸಲ ಬಿಸಿಯಾದರೆ ಚರ್ಮದ ಹಾಗಾಗುತ್ತದೆ. ಹೇಳಿದರೆ, "ಎಲ್ಲಾರೂ ಉಣ್ಣಾಕತ್ತಾರಲ್ರಿ" ಅಂದ ಹುಡುಗ. ಬಿಲ್ಲು ನೋಡಿ ನಿನ್ನ ಅಪ್ಪ ಮನೆ ಮುಟ್ಟುವವರೆಗೂ ಮಾತಾಡಲಿಲ್ಲ.

ಆಮೇಲೆ ಸಿಕ್ಕಿದ್ದು ಈ ಖಾನಾವಳಿ. ನಮ್ಮ ಮನೆಯಿಂದ ಎರಡೇ ಓಣಿ ಆಚೆ. ಬೋರ್ಡು ಇದೆ, ಬೇವಿನ ಟೊಂಗೆ ಅರ್ಧ ಮುಚ್ಚಿಬಿಟ್ಟಿದೆ. ಮನೆಯ ಮುಂದಿನ ಕೋಣೆಯಲ್ಲೇ ನಾಲ್ಕು ಟೇಬಲ್. ಎಂಟರೊಳಗೆ ಹೋಗಬೇಕು, ಆಮೇಲೆ ಬ್ಯಾಂಕಿನ ಹುಡುಗರು, ಪರೀಕ್ಷೆಗೆ ಓದುವವರು ಬಂದು ತುಂಬಿಕೊಳ್ಳುತ್ತಾರೆ. ಗೇಟಿನ ಹತ್ತಿರವೇ ಟಪ್ ಟಪ್ ಸಪ್ಪಳ ಕೇಳುತ್ತದೆ. ಹಿಟ್ಟಿಗೆ ಎಸರು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಅಂತ ನನಗೆ ಆ ಸಪ್ಪಳದಲ್ಲೇ ಗೊತ್ತಾಗುತ್ತದೆ. ಜೋಳಕ್ಕೆ ಗೋಧಿಯ ಹಾಗೆ ತನ್ನದೇ ಜಿಗುಟು ಇಲ್ಲ, ಕುದಿಯುವ ಎಸರಿನಿಂದಲೇ ಬರಬೇಕು. ಅದು ಕಡಿಮೆಯಾದರೆ ಅಂಚು ಸೀಳುತ್ತದೆ, ಬಡಿಯುವವಳು ಮತ್ತೆ ಮತ್ತೆ ನಿಂತು ಅಂಚು ಕೂಡಿಸಬೇಕು. ಇಲ್ಲಿ ಸಪ್ಪಳ ನಿಲ್ಲುವುದಿಲ್ಲ.

ತಾಟಿಗೆ ಮೊದಲು ಬರುವುದು ಶೇಂಗಾ ಹಿಂಡಿ, ಅದರ ನಡುವೆ ಒಂದು ಗುಂಡಿ ಮಾಡಿ ಎಣ್ಣೆ. ಆಮೇಲೆ ಮಡಿಕೆಕಾಳಿನ ಪಲ್ಯ, ಜುಣಕ ಇಲ್ಲವೇ ಬದನೆಕಾಯಿ, ಹಸಿ ಮೆಂತ್ಯ, ಉಳ್ಳಾಗಡ್ಡಿ. ಅನ್ನ ಸಾರಿನ ತನಕ ನಾನು ಹೋಗುವುದೇ ಇಲ್ಲ. ಖಾನಾವಳಿಯಾಕೆ ಒಳಗಿಂದ ರೊಟ್ಟಿಯನ್ನು ಅಂಗೈ ಮೇಲೆ ಹೊತ್ತು ತಂದು ತಾಟಿಗೆ ಇಳಿಸುತ್ತಾಳೆ. ಉಬ್ಬಿದ್ದು ಇನ್ನೂ ಕೂತಿರುವುದಿಲ್ಲ. ಮೊದಲ ದಿನ ಬೆರಳಿನಿಂದ ಚುಚ್ಚಿದೆ. ಆವಿ ಹೊರಬಿದ್ದು ಬೆರಳು ಸುಟ್ಟಿತು. ಮಗಳೇ, ಲಕ್ಷಕ್ಕೂ ಮೇಲೆ ರೊಟ್ಟಿ ಮಾಡಿದವಳು ನಾನು. ಉಬ್ಬಿದ ರೊಟ್ಟಿಯನ್ನು ತಾಟಿನಲ್ಲಿಟ್ಟುಕೊಂಡು ಚುಚ್ಚಿದ್ದು ಅವತ್ತೇ. ಮನೆಯಲ್ಲಿ ನಿಮಗೆಲ್ಲ ಹಾಕಿ, ಒಲೆ ಆರಿಸಿ, ಕೊನೆಗೆ ನಾನು ಕೂರುವ ಹೊತ್ತಿಗೆ ಬುಟ್ಟಿಯಲ್ಲಿ ಉಳಿದದ್ದು ತಣ್ಣಗಾಗಿರುತ್ತಿತ್ತು. ಯಾರೂ ಹಾಗೆ ಮಾಡು ಅಂದಿರಲಿಲ್ಲ. ಹಾಗೇ ನಡೆದುಕೊಂಡು ಬಂದಿತ್ತು. ನಿನ್ನ ಅಪ್ಪ ನನ್ನ ಮುಖ ನೋಡುತ್ತಿದ್ದರು. ಏನೂ ಅನ್ನಲಿಲ್ಲ, ತಮ್ಮ ತಾಟಿನ ಹಸಿ ಮೆಂತ್ಯವನ್ನೆಲ್ಲ ನನಗೆ ಹಾಕಿದರು.

ಉಂಡು ಎದ್ದವಳೇ ತಾಟು ತೊಳೆಯಲು ಹೊರಟೆ. "ಇಡ್ರೀ ಅಕ್ಕಾರ, ಏನ್ ಮಾಡಾಕತ್ತೀರಿ!" ಅಂತ ಆಕೆ ಓಡಿ ಬಂದಳು. ಹುಡುಗರೆಲ್ಲ ನಕ್ಕರು. ಈಗ ರೂಢಿಯಾಗಿದೆ, ಕೈ ತೊಳೆದು ಸುಮ್ನೆ ಬಂದುಬಿಡುತ್ತೇನೆ.

ಓಣಿಯಲ್ಲಿ ಮಾತಾಡುವವರು ಮಾತಾಡಿದರು. ಎದುರು ಮನೆಯವರು "ಯಾಕ್ರೀ, ಗ್ಯಾಸ್ ಖಾಲಿ ಆಗೈತೇನ್ರಿ?" ಅಂತ ಕೇಳಿದರು. ಹೌದ್ರಿ ಅಂದೆ. ಎರಡು ವಾರ ಬಿಟ್ಟು ಅವರೂ ಅಲ್ಲೇ ಮೂಲೆಯ ಟೇಬಲ್ಲಿನಲ್ಲಿ ಸಿಕ್ಕರು. ಅವರ ಮನೆಯ ಗ್ಯಾಸೂ ಖಾಲಿಯಾಗಿತ್ತಂತೆ.

ಮಣಿಕಟ್ಟು ಈಗ ಸರಿಹೋಗಿದೆ. ಹೋಗುವುದನ್ನು ಮಾತ್ರ ನಾವು ಬಿಟ್ಟಿಲ್ಲ, ನಿನ್ನ ತಮ್ಮ ಚಾಡಿ ಹೇಳಿದ್ದು ಅದನ್ನೇ. ನಿನಗೆ ಬೇಕಾದ ಎಣ್ಣೆಗಾಯಿ ಮನೆಯಲ್ಲೇ ಮಾಡುತ್ತೇನೆ, ಹೆದರಬೇಡ. ಖಾನಾವಳಿಯದು ಚೆನ್ನಾಗಿರುತ್ತದೆ, ಆದರೆ ಗುರೆಳ್ಳು ಕಡಿಮೆ.

ಹಿಂಡಿಯ ವಿಷಯದಲ್ಲೂ ಆಕೆಗೆ ಒಂದು ಮಾತು ಹೇಳಿದ್ದೆ. ಶೇಂಗಾ ಹುರಿಯುವಾಗ ಆಕೆ ಅವಸರ ಮಾಡುತ್ತಾಳೆ, ನಾಲಿಗೆಗೆ ಹಸಿ ಹತ್ತುತ್ತದೆ. ಬೇಜಾರಾಗಲಿಲ್ಲ. "ನಿಮ್ಮದು ತಂದು ತೋರಸ್ರಿ" ಅಂದಳು. ಹೋದ ವಾರ ಒಂದು ಡಬ್ಬಿ ಒಯ್ದು ಕೊಟ್ಟೆ. ಮುಚ್ಚಳ ತೆಗೆದು ಮೂಸಿ, ನಾವಿದ್ದಂತೆಯೇ ನಾಲ್ಕೂ ಟೇಬಲ್ಲಿಗೆ ಬಡಿಸಿಬಿಟ್ಟಳು. ಪರೀಕ್ಷೆಯ ಹುಡುಗನೊಬ್ಬ ಎರಡನೇ ಸಲ ಹಾಕಿಸಿಕೊಂಡ. ಯಾರದು ಅಂತ ಅವನಿಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ.

ಡಬ್ಬಿ ಇನ್ನೂ ಅಲ್ಲೇ ಇದೆ. ನೀನು ಹಾಸ್ಟೆಲಿಗೆ ಒಯ್ಯುತ್ತಿದ್ದ ಆ ಹಸಿರು ಮುಚ್ಚಳದ್ದು. ನಾಳೆ ಅದನ್ನು ತರಲು ಹೋಗಬೇಕು. ಅಪ್ಪ ಆಗಲೇ ಮಧ್ಯಾಹ್ನದ ಊಟ ಕಡಿಮೆ ಮಾಡುವ ಮಾತಾಡುತ್ತಿದ್ದಾರೆ.

ನಿನ್ನ
ಅವ್ವ