ಕೇಸ್ ಶೀಟಿನಲ್ಲಿ ಇಲ್ಲದ್ದು

ತೀರ್ಥಹಳ್ಳಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಶಿವಮೊಗ್ಗದಲ್ಲಿ ನಿನಗೆ ವಯಸ್ಸಾದವರೇ ತುಂಬಿರುವ ವಾರ್ಡು ಸಿಕ್ಕಿದೆಯೆಂದು ನಿನ್ನ ಅಮ್ಮ ಹೇಳಿದಳು. ನರ್ಸಿಂಗ್ ಓದಿದವಳು ನೀನು, ವಯಸ್ಸಾದವಳು ನಾನು. ಅಷ್ಟರ ಸಲುಗೆಯಲ್ಲಿ ಬರೆಯುತ್ತಿದ್ದೇನೆ.

ಮೊದಲು, ಟಿವಿ ಧಾರಾವಾಹಿಯ ಅಜ್ಜಿಯನ್ನು ನಂಬಬೇಡ. ಅವಳಿಗಿರುವುದು ಎರಡೇ ಕೆಲಸ: ಸೊಸೆಯನ್ನು ಶಪಿಸುವುದು, ಇಲ್ಲವೇ ದೇವರ ಮುಂದೆ ಅಳುವುದು. ಗಂಟುಬಿದ್ದ ಬೆರಳುಗಳಲ್ಲಿ ರವಿಕೆಯ ಹುಕ್ಕು ಹಾಕಿಕೊಳ್ಳಲು ಅವಳು ಒದ್ದಾಡಿದ್ದನ್ನು ನಾನಂತೂ ನೋಡಿಲ್ಲ. ಎಡಗೈಯಲ್ಲಿ ಬಟ್ಟೆ ಒತ್ತಿ ಹಿಡಿದು ಬಲಗೈಯ ತೋರುಬೆರಳಿನಿಂದ ಹುಕ್ಕನ್ನು ದೂಡಬೇಕು. ಮೂರನೆಯದು ಕೂರುವಷ್ಟರಲ್ಲಿ ಮೊದಲನೆಯದು ಬಿಟ್ಟುಕೊಂಡಿರುತ್ತದೆ. ಆಗ ಯಾರಾದರೂ ಕೇಳದೆ ಕೈ ಹಾಕಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ನೀನು ಕೇಳಿ ಹಾಕು.

2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರವನ್ನು ಬಿಡುವಾದಾಗ ನೋಡು. ಆಲ್ಝೈಮರ್ ಕಾಯಿಲೆಯ ವೆಂಕೋಬರಾಯರಾಗಿ ಅನಂತನಾಗ್ ಇದ್ದಾರೆ. ಅಪ್ಪ ಕಾಣೆಯಾದಾಗ ಪ್ರಕಟಣೆಗೆ ಸಿಗುವುದು ಮೈಬಣ್ಣ, ಮೈಕಟ್ಟು ಅಷ್ಟೇ. ಹುಡುಕಲು ಹೊರಟ ಮೇಲೆಯೇ ಮಗನಿಗೆ ಅಪ್ಪ ಎಂಥವರೆಂದು ತಿಳಿಯತೊಡಗುತ್ತದೆ. ನಿನ್ನ ಕೇಸ್ ಶೀಟೂ ಹೆಚ್ಚುಕಡಿಮೆ ಅದೇ ಪ್ರಕಟಣೆ: ವಯಸ್ಸು, ತೂಕ, ಬಿ.ಪಿ. ಅವರು ಯಾವ ಊರಿನವರು, ಏನು ಕೆಲಸ ಮಾಡಿದವರು, ದಿನಕ್ಕೆಷ್ಟು ಎಲೆಯಡಿಕೆಯ ಕವಳ ಹಾಕುತ್ತಾರೆ, ಯಾರನ್ನು ಕಂಡರೆ ಮುಖ ಅರಳುತ್ತದೆ ಎಂಬುದನ್ನೂ ವಿಚಾರಿಸಿಕೋ.

ಇದು ಬರೀ ಅಂತಃಕರಣದ ಮಾತಲ್ಲ. ನಿನ್ನೆ ನೆಟ್ಟಗೆ ಮಾತನಾಡಿದ ಅಜ್ಜ ಇಂದು ಅಡಿಕೆ ಕೊನೆ ಕೊಯ್ಯುವವನನ್ನು ನೆನೆದು ‘ಕೊನೆಗಾರ ಬಂದನೇ?’ ಎಂದು ವಾರ್ಡಿನಲ್ಲಿ ಕೂಗಿದರೆ ಅರಳುಮರಳು ಎಂದು ತಳ್ಳಿಹಾಕಬೇಡ. ಮೂತ್ರದ ಸೋಂಕು, ಮೈಯಲ್ಲಿ ನೀರು ಕಡಿಮೆಯಾಗಿರುವುದು, ಹೊಸದಾಗಿ ಕೊಟ್ಟ ಮಾತ್ರೆ, ಯಾವುದಾದರೂ ಕಾರಣವಿದ್ದೀತು. ಸೋಂಕಿದ್ದರೂ ಈ ವಯಸ್ಸಿನಲ್ಲಿ ಜ್ವರ ಕಾಣಿಸದಿರಬಹುದು. ಕೂಡಲೇ ಡಾಕ್ಟರಿಗೆ ತಿಳಿಸು. ಆದರೆ ನಿನ್ನೆ ಹೇಗಿದ್ದರೆಂದು ಗೊತ್ತಿದ್ದವಳಿಗಲ್ಲವೇ ಇಂದಿನ ವ್ಯತ್ಯಾಸ ಕಾಣುವುದು?

ಕಾರಂತರ ಮೂಕಜ್ಜಿಯ ಮಾತು ಊರಿಗೆ ಬರೀ ಬಡಬಡಿಕೆ. ಮೊಮ್ಮಗ ಸುಬ್ಬರಾಯ ಮಾತ್ರ ಕೂತು ಕೇಳುತ್ತಾನೆ, ಮರುಪ್ರಶ್ನೆ ಹಾಕುತ್ತಾನೆ. ಹಾಗೆಂದು ಮುದುಕಿಯರೆಲ್ಲ ಮೂಕಜ್ಜಿಯರೆಂದು ಕೈಮುಗಿಯಬೇಡ. ನಮ್ಮಲ್ಲಿ ಹಟಮಾರಿಗಳು, ಚಾಡಿಕೋರರು ಬೇಕಾದಷ್ಟು ಜನ ಇದ್ದೇವೆ.

ಇನ್ನೊಂದು. ಕಿವಿ ಮಂದವಾದವರ ಹತ್ತಿರ ಕಿರುಚಬೇಡ. ನಮಗೆ ಮೊದಲು ಕೇಳಿಸದಾಗುವುದು ಕೀರಲು ದನಿಯೇ. ಮುಖಕ್ಕೆ ಮುಖ ಕೊಟ್ಟು, ದನಿಯ ಶ್ರುತಿ ತಗ್ಗಿಸಿ, ನಿಧಾನವಾಗಿ ಹೇಳು. ನಿನ್ನದು ಮೊದಲೇ ತಾರಕ ಸ್ವರ.

ಇಂತು,
ನಿನ್ನ ದೊಡ್ಡಮ್ಮ